ದೊಡ್ಡ ಗುಡಿಯ ಬಾಗಿಲಿಗೆ ಅವ್ವನ ಚಪ್ಪಲಿ

ಅಥಣಿ

ರೋಮ್‌ಗೆ ಹೋಗಿ ಬಂದವರು ಗುಮ್ಮಟದ ಎತ್ತರ, ಗೋಡೆಯ ಚಿತ್ರ, ಕಾರಂಜಿಯ ನೀರು ಎಂದು ಬರೆಯುತ್ತಾರೆ. ನಾನೂ ಅವನ್ನೆಲ್ಲ ನೋಡಿದೆ. ಆದರೆ ಹೋದಲ್ಲೆಲ್ಲ ನನ್ನ ಕಣ್ಣು ನೆಲದ ಮೇಲೆಯೇ ಇತ್ತು, ಅವ್ವನ ಕಾಲಿನ ಮೇಲೆ. ಹಾಗಾಗಿ ಈ ಬರಹದಲ್ಲಿ ಆಕಾಶ ಸ್ವಲ್ಪ ಕಡಿಮೆ ಬಂದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮದು ಅಥಣಿ ಕಡೆಯ ಚಪ್ಪಲಿ ಹೊಲಿಯುವ ಮನೆತನ. ಲೋಕವೆಲ್ಲ ಕೊಲ್ಲಾಪುರಿ ಎಂದು ಕರೆದು ಮೆಟ್ಟುವ ಚಪ್ಪಲಿಯಲ್ಲಿ ಎಷ್ಟೋ ಜೋಡಿ ಹುಟ್ಟುವುದು ಅಥಣಿ, ನಿಪ್ಪಾಣಿ ಸುತ್ತಿನ ನಮ್ಮಂಥವರ ಕಟ್ಟೆಯ ಮೇಲೆ. ಕೆಲಸ ನಮ್ಮದು, ಹೆಸರು ಗಡಿಯಾಚೆಯದು. ಗಡಿ ವಿವಾದದ ಸುದ್ದಿ ಬಂದಾಗಲೆಲ್ಲ ಅವ್ವ, ಊರುಗಳನ್ನು ಆಮೇಲೆ ಹಂಚಿಕೊಳ್ಳಲಿ, ಮೊದಲು ನಮ್ಮ ಚಪ್ಪಲಿಯ ಹೆಸರು ನಮಗೆ ಕೊಡಲಿ ಎಂದು ಗೊಣಗುತ್ತಾಳೆ. ಮುತ್ತಜ್ಜನ ಕಾಲದಲ್ಲಿ ಮಿಶನ್ನಿನ ಗುರುಗಳು ಬಂದು ನಾವು ಕೆಥೋಲಿಕರಾದೆವು. ಆಮೇಲೆ ಓಣಿಯ ಉಳಿದ ಅರ್ಧ ಜನ ಬುದ್ಧನ ಕಡೆ ಹೋದರು. ಒಂದು ಮನೆಯಲ್ಲಿ ಯೇಸುಸ್ವಾಮಿಯ ಫೋಟೊ, ಪಕ್ಕದ ಮನೆಯಲ್ಲಿ ಬುದ್ಧನ ಫೋಟೊ, ಎರಡರ ಕೆಳಗೂ ಅದೇ ಚರ್ಮ, ಅದೇ ಉಳಿ.

ಅವ್ವನ ಹೆಸರು ಎಲಿಸವ್ವ. ಎಪ್ಪತ್ತು ದಾಟಿದೆ. ಅಪ್ಪ ಇದ್ದಾಗ ಆತ ಚರ್ಮ ಕತ್ತರಿಸುತ್ತಿದ್ದ, ಅವ್ವ ಪಟ್ಟಿ ಹೆಣೆಯುತ್ತಿದ್ದಳು. ನಾನು ಹಾರೂಗೇರಿ ಹತ್ತಿರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ನನ್ನ ಹೆಸರು ಮಾರ್ತಾ. ಊರಿನವರ ಬಾಯಲ್ಲಿ ಮಾರ್ತಕ್ಕ.

ನಾವು ರೋಮ್‌ಗೆ ಹೋದ ವರ್ಷ ಹಳೆಯ ಪೋಪರು ತಾವಾಗಿಯೇ ಪೀಠ ಬಿಟ್ಟಿದ್ದರು. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಬೇವಿನ ಮರದ ಕೆಳಗೆ ಇದರದ್ದೇ ಚರ್ಚೆ. ಪಂಡಿತರಂತೆ ಮಾತಾಡುವವರು ಹೀಗಾಗಬಹುದೇ, ಹಿಂದೆಂದಾದರೂ ಆಗಿತ್ತೇ ಎಂದು ತಲೆ ಕೆಡಿಸಿಕೊಂಡಿದ್ದರು. ಅವ್ವನಿಗೆ ಮಾತ್ರ ಆ ಮನುಷ್ಯನ ಮೇಲೆ ಭಾರಿ ಗೌರವ ಹುಟ್ಟಿತು. "ನಮ್ಮ ಕಡೆ ಹಾಲಿನ ಡೇರಿ ಅಧ್ಯಕ್ಷನೂ ತಾನಾಗಿ ಖುರ್ಚಿ ಬಿಟ್ಟದ್ದ ನಾ ಕಂಡಿಲ್ಲ" ಎಂದಳು. ಯಾರೂ ಬಾಯಿಬಿಟ್ಟು ಹೌದೆನ್ನಲಿಲ್ಲ, ಏಕೆಂದರೆ ಡೇರಿ ಅಧ್ಯಕ್ಷರ ಅಳಿಯ ಅಲ್ಲೇ ಸ್ಕೂಟರ್ ಒರೆಸುತ್ತ ನಿಂತಿದ್ದ.

ನಂತರ ಹೊಸ ಪೋಪರು ಬಂದರು. ದೂರದ, ಬೇರೆಯದೇ ಖಂಡದವರು. ಅವರು ಕಾನೂನು ಬದಲಿಸುತ್ತಾರೋ ಇಲ್ಲವೋ, ಬಡವರ ಪರವೋ, ಹೆಂಗಸರಿಗೆ ಏನು ಮಾಡುತ್ತಾರೆ ಎಂದು ಪತ್ರಿಕೆಗಳು ಪುಟ ತುಂಬಿಸಿದವು. ನಮ್ಮ ಓಣಿಗೆ ಬೇಕಾದ ಸುದ್ದಿ ಒಂದು ಮೂಲೆಯಲ್ಲಿತ್ತು: ಹೊಸ ಪೋಪರು ಪೀಠದ ಕೆಂಪು ಬೂಟು ಒಲ್ಲೆನೆಂದು ತಮ್ಮ ಹಳೆಯ ಕರಿ ಬೂಟನ್ನೇ ಹಾಕಿಕೊಂಡಿದ್ದಾರೆ. ನಾನು ಅದನ್ನು ಅವ್ವನಿಗೆ ಓದಿ ಹೇಳಿದೆ. ಹೆಣೆಯುತ್ತಿದ್ದ ಪಟ್ಟಿಯನ್ನು ಕೆಳಗಿಟ್ಟು ಇನ್ನೊಮ್ಮೆ ಓದು ಎಂದಳು. ಸಂಜೆಯ ಹೊತ್ತಿಗೆ ಓಣಿಗೆಲ್ಲ ಗೊತ್ತಾಗಿತ್ತು, ಬುದ್ಧನ ಮನೆಗಳಿಗೂ.

ನಮ್ಮ ಧರ್ಮಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಫಾದರ್ ಮೆಲ್ವಿನ್ ಆಗ ರೋಮ್ ಯಾತ್ರೆಗೆ ಒಂದು ಗುಂಪು ಕೂಡಿಸುತ್ತಿದ್ದರು. ನಾನು ಅವ್ವನ ಹೆಸರನ್ನೂ ನನ್ನದನ್ನೂ ಕೊಟ್ಟೆ. ಗುಂಪಿನಲ್ಲಿ ಫಿಲೋಮಿನಾ ಮೇಡಂ ಇದ್ದರು. ರಾಯಬಾಗ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದವರ ಹೆಂಡತಿ. ಮೂಲ ಗೋವಾದವರು, ಮನಸ್ಸು ಒಳ್ಳೆಯದು, ಸಲಹೆ ಕೊಡುವುದರಲ್ಲಿ ಮಾತ್ರ ಕೈ ಬಿಗಿಯಿಲ್ಲ. ಅಲ್ಲಿ ಚಳಿ, ಕಲ್ಲಿನ ರಸ್ತೆ, ಮರ್ಯಾದಸ್ಥರ ಊರು, ಅಜ್ಜಿಗೆ ಒಂದು ಜೊತೆ ಕ್ಯಾನ್ವಾಸ್ ಬೂಟು ಹಾಕಿಸಿ ಎಂದು ಬೇವಿನ ಮರದ ಕೆಳಗೆ ಎಲ್ಲರ ಮುಂದೆ ನನಗೆ ಹೇಳಿದರು. ಅವ್ವನ ಚಪ್ಪಲಿಯನ್ನು ಒಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು.

ನನಗೆ ಮೈ ಉರಿಯಿತು. ನಾನು ಬಾಯಿ ತೆಗೆಯುವ ಮೊದಲೇ ಅವ್ವ ಮಾತಾಡಿದಳು.

"ದೊಡ್ಡ ಸ್ವಾಮ್ಯಾರು ತಮ್ಮ ಬೂಟ ತಾವು ಹಾಕ್ಯಾರ. ನಾ ನನ್ನ ಕೈಲೆ ಹೊಲದಿದ್ದ ಹಾಕತೇನ್ರಿ. ಅವರ ಗುಡಿ ಬಾಗಲಾ ಮಟ ಇದ ಚಪ್ಪಲಿ ಮ್ಯಾಲ ಹೋಗತೇನಿ."

ಬಾಗಿಲ ತನಕ ಎಂದಳು, ಒಳಗೆ ಎನ್ನಲಿಲ್ಲ. ನಮ್ಮ ಚರ್ಚಿನಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಚಾಪೆ ಹಾಸಿ ಕೂಡುತ್ತೇವೆ. ಆದ್ದರಿಂದ ಆ ಮಾತಿನಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ. ಅವ್ವ ಮನೆಗೆ ಬಂದು ತನಗೆಂದೇ ಹೊಸ ಜೋಡಿಗೆ ಕೈ ಹಚ್ಚಿದಳು. ಇಷ್ಟು ವರ್ಷಗಳಲ್ಲಿ ಅವಳು ತನಗಾಗಿ ಹೊಸದು ಹೊಲಿದುಕೊಂಡಿದ್ದನ್ನು ನಾನು ಮೊದಲ ಸಲ ನೋಡಿದೆ. ಇಲ್ಲಿಯವರೆಗೆ ಗಿರಾಕಿಗೆ ಒಲ್ಲದ ಜೋಡಿಯೇ ಅವಳ ಪಾಲಿಗೆ ಬರುತ್ತಿತ್ತು.

ಮುಂಬೈ ವಿಮಾನ ನಿಲ್ದಾಣ

ಕಾಗವಾಡ ದಾಟಿ ಮಿರಜ್‌ನಲ್ಲಿ ರೈಲು ಹತ್ತಿ ಮುಂಬೈಗೆ ಬಂದೆವು. ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಸಾಲು. ಬೆಲ್ಟು, ಗಡಿಯಾರ, ಬೂಟು ಎಲ್ಲ ತೆಗೆದು ತಟ್ಟೆಯಲ್ಲಿ ಇಡಬೇಕು. ಅವ್ವ ಚಪ್ಪಲಿ ಬಿಟ್ಟು ತಟ್ಟೆಯಲ್ಲಿಟ್ಟಳು. ಮುಂದೆ ಸೂಟು ತೊಟ್ಟ ಒಬ್ಬರು ಒಂದು ಕೈಯಲ್ಲಿ ತಮ್ಮ ಹೊಳೆಯುವ ಬೂಟು ಹಿಡಿದು, ಇನ್ನೊಂದು ಕೈಯಲ್ಲಿ ಬೆಲ್ಟಿಲ್ಲದೆ ಜಾರುವ ಪ್ಯಾಂಟು ಹಿಡಿದು ಕಾಲುಚೀಲದಲ್ಲಿ ನಡೆಯುತ್ತಿದ್ದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಅವ್ವನಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ತಪಾಸಣೆಯ ಹುಡುಗಿ ಇವಳನ್ನೇ ಅನುಮಾನದಿಂದ ನೋಡಿದಳು.

ಈಚೆ ಬಂದು ಕುಳಿತ ಮೇಲೆ ಏನವ್ವಾ ಎಂದು ಕೇಳಿದೆ. ಹೇಳಿದಳು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಜನ ಮೇಲಿನ ಓಣಿಗೆ ಹೋಗುವಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ಓಣಿ ಮುಗಿದ ಮೇಲೆ ಮತ್ತೆ ಮೆಟ್ಟಬಹುದು. ಗೌಡರಿಗೆ ಹೊಸ ಜೋಡಿ ಕೊಡಲು ಹೋಗುವಾಗ ಅಪ್ಪನ ಒಂದು ಕೈಯಲ್ಲಿ ಗೌಡರ ಚಪ್ಪಲಿ, ಇನ್ನೊಂದರಲ್ಲಿ ತನ್ನ ಚಪ್ಪಲಿ, ಕಾಲು ಬರಿದು. ಬೇಸಿಗೆಯ ನೆಲ ಸುಡುತ್ತಿತ್ತಂತೆ. ನನಗೆ ಐವತ್ತು ದಾಟುವವರೆಗೆ ಅವ್ವ ಇದನ್ನು ನನ್ನೆದುರು ಆಡಿರಲಿಲ್ಲ. ಕೇಳಿ ನನಗೆ ನಗು ಬರಲಿಲ್ಲ. ಅವಳು ಮಾತ್ರ ಇನ್ನೂ ಆ ಸೂಟಿನವರ ಕಡೆ ನೋಡಿ ನಗುತ್ತಲೇ ಇದ್ದಳು.

ರೋಮ್, ಮಳೆಯ ದಿನ

ರೋಮಿನ ಹಳೆಯ ಬೀದಿಗಳಿಗೆ ಗೇಣುದ್ದವೂ ಇಲ್ಲದ ಕರಿಕಲ್ಲು ಹಾಸಿದ್ದಾರೆ. ನಡೆದರೆ ಯಡೂರಿನಲ್ಲಿ ಕೃಷ್ಣೆಗೆ ಇಳಿದು ಉರುಟು ಕಲ್ಲಿನ ಮೇಲೆ ಕಾಲಿಟ್ಟ ಹಾಗೆ. ಫಿಲೋಮಿನಾ ಮೇಡಂ ತಮ್ಮ ದುಬಾರಿ ಬೂಟಿನಲ್ಲಿ ಎರಡು ಸಲ ಕಾಲು ಹೊರಳಿಸಿಕೊಂಡರು. ಅವ್ವ ಅಗಲ ಅಟ್ಟೆಯ ಚಪ್ಪಲಿಯಲ್ಲಿ ಹೊಲದ ಬದುವಿನ ಮೇಲೆ ಹೋಗುವಂತೆ ಹೋದಳು. ನಾನು ಗಂಭೀರವಾಗಿಯೇ ಇದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ.

ಅಲ್ಲಿನ ಜನರ ಒಂದು ಅಭ್ಯಾಸ ನನಗೆ ಹಿಡಿಸಿತು. ಮುದುಕರು ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಹೋಗಿ ಬರುವವರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ, ಆಮೇಲೆ ತಮ್ಮ ತಮ್ಮಲ್ಲೇ ತೀರ್ಮಾನ ಕೊಡುತ್ತಾರೆ. ಅಂಕಲಿಯ ಬಸ್‌ಸ್ಟ್ಯಾಂಡ್ ಕಟ್ಟೆಯ ಮೇಲೂ ಇದೇ ನ್ಯಾಯಪೀಠ ನಡೆಯುತ್ತದೆ. ರೋಮಿನವರು ಎಲೆ ಅಡಿಕೆ ಹಾಕುವುದಿಲ್ಲ, ಗುಟುಕು ಕಾಫಿ ಕುಡಿಯುತ್ತಾರೆ, ಅಷ್ಟೇ ಫರಕು.

ಒಂದು ಸಣ್ಣ ಚರ್ಚಿಗೆ ಹೋದಾಗ ಅವ್ವ ರೂಢಿಯಂತೆ ಚಪ್ಪಲಿ ಹೊರಗೆ ಬಿಟ್ಟಳು. ಒಳಗೆ ಕತ್ತಲು, ನಾಲ್ಕು ಜನ, ಅವಳ ಬರಿಗಾಲನ್ನು ಯಾರೂ ಗಮನಿಸಲಿಲ್ಲ. ಹೊರಗೆ ಬಂದರೆ ಚಪ್ಪಲಿ ಇಲ್ಲ. ಆಚೆ ಈಚೆ ಹುಡುಕಾಡಿದೆವು. ಮೆಟ್ಟಿಲ ಮೇಲೆ ಭಿಕ್ಷೆಗೆ ಕೂತಿದ್ದ ಒಬ್ಬ ಮುದುಕಿ ನಮ್ಮ ಗಾಬರಿ ನೋಡಿ, ತನ್ನ ಶಾಲಿನ ಕೆಳಗಿನಿಂದ ಜೋಡಿಯನ್ನು ಹೊರತೆಗೆದಳು. ಹಾದುಹೋಗುವ ಯಾರೋ ಬಿಸಾಕಿದ ಸಾಮಾನೆಂದು ಎತ್ತಿಕೊಂಡಾರು ಎಂದು ಅವಳೇ ಕಾದಿಟ್ಟಿದ್ದಳು. ಅವಳು ತನ್ನ ಭಾಷೆಯಲ್ಲಿ ಬೈದಳು, ಅವ್ವ ತನ್ನ ಭಾಷೆಯಲ್ಲಿ ಒಪ್ಪಿಕೊಂಡಳು. ಬೈಗುಳ ಎಂದು ಹೇಗೆ ಗೊತ್ತಾಯಿತೆಂದು ಕೇಳಬೇಡಿ, ತಾಯಂದಿರ ಬೈಗುಳ ಎಲ್ಲ ಕಡೆ ಒಂದೇ. ಅವ್ವ ಚೀಲದಿಂದ ಶೇಂಗಾ ಹೋಳಿಗೆ ತೆಗೆದು ಕೊಟ್ಟಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿಂದರು.

ಅವತ್ತು ಮಧ್ಯಾಹ್ನ ಮಳೆ ಹೊಡೆಯಿತು. ಚಪ್ಪಲಿ ನೆನೆದು ಭಾರವಾಯಿತು. ನೆನೆದ ಚರ್ಮವನ್ನು ಹಾಗೆಯೇ ಬಿಟ್ಟರೆ ಒಣಗಿ ಸೆಟೆಯುತ್ತದೆ, ಎಣ್ಣೆ ತಿಕ್ಕಬೇಕು. ಹೋಟೆಲಿನ ಊಟದ ಮೇಜಿನ ಮೇಲೆ ಬಾಟಲಿಯಲ್ಲಿ ಹಸಿರು ಬಣ್ಣದ ಎಣ್ಣೆ ಇಟ್ಟಿದ್ದರು, ಅವರು ಅದನ್ನು ಬ್ರೆಡ್ಡಿನ ಮೇಲೆ ಸುರಿದುಕೊಂಡು ತಿನ್ನುತ್ತಾರೆ. ನಾನು ಕೈ ತೊಳೆದು ಬರುವಷ್ಟರಲ್ಲಿ ಅವ್ವ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಆ ಎಣ್ಣೆಯನ್ನು ಹೆಬ್ಬೆರಳಿನಿಂದ ಹೆಣಿಗೆಯ ಸಂದಿಗಿಳಿಸುತ್ತಿದ್ದಳು. ಬಡಿಸುವವನು ತಟ್ಟೆ ಹಿಡಿದುಕೊಂಡು ಕಲ್ಲಾಗಿ ನಿಂತಿದ್ದ. ಫಿಲೋಮಿನಾ ಮೇಡಂ ಮುಖ ಮುಚ್ಚಿಕೊಂಡರು. ಕೊನೆಗೆ ಅವನು ಮೇಜಿನ ಬಾಟಲಿ ಎತ್ತಿಕೊಂಡು ಒಳಗೆ ಹೋಗಿ, ಅಡುಗೆಮನೆಯಿಂದ ಬೇರೆ ಎಣ್ಣೆ ಒಂದು ಬಟ್ಟಲಿನಲ್ಲಿ ತಂದುಕೊಟ್ಟ. ಅವ್ವ ಮೂಸಿ ನೋಡಿ, ಮೊದಲಿನದೇ ಚಲೋ ಇತ್ತು ಎಂದಳು.

ಆ ಸಂಜೆ ಮೇಡಂ ನಮ್ಮ ಕೋಣೆಗೆ ಬಂದರು. ಕೈಯಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ಅವ್ವನ ಅಳತೆ ಅಂದಾಜಿನ ಮೇಲೆ ಊರಿನಿಂದಲೇ ತಂದಿದ್ದರು. ಅವರ ದನಿಯಲ್ಲಿ ಈ ಸಲ ಉಪದೇಶ ಇರಲಿಲ್ಲ, ನಿಜವಾದ ಕಾಳಜಿ ಇತ್ತು. ಅವ್ವ ಬೂಟನ್ನು ಕೈಗೆ ತೆಗೆದುಕೊಂಡು ಹೊಲಿಗೆ ನೋಡಿ, ಚೆನ್ನಾಗಿದೆ ಎಂದು ಹೊಗಳಿ, ದೊಡ್ಡ ಗುಡಿಯ ಬಾಗಿಲು ಮುಟ್ಟುವವರೆಗೆ ತನ್ನದನ್ನೇ ಹಾಕುವುದಾಗಿ ಹೇಳಿ ಮರಳಿಸಿದಳು. ಮೇಡಂ ಮುಖ ಸಣ್ಣದಾಯಿತು. ಚಪ್ಪಲಿ ಇನ್ನೂ ಒದ್ದೆಯಾಗಿತ್ತು. ಪೋಪರ ದೊಡ್ಡ ಚರ್ಚಿಗೆ ಹೋಗುವ ದಿನಕ್ಕೆ ಇದು ತಡೆಯುತ್ತದೋ ಇಲ್ಲವೋ ಎಂಬ ಚಿಂತೆ ನನಗೆ ಹತ್ತಿತು.

ಬುಧವಾರ, ಚೌಕದಲ್ಲಿ

ಬುಧವಾರ ಪೋಪರು ದೊಡ್ಡ ಚರ್ಚಿನ ಮುಂದಿನ ಚೌಕಕ್ಕೆ ಬಂದು ಜನರನ್ನು ಕಾಣುತ್ತಾರೆ. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ನಮ್ಮವರ ನಡುವೆ ವಾದ ಹತ್ತಿತು. ಹೊಸ ಪೋಪರ ಸರಳತನದಿಂದ ಶುರುವಾದದ್ದು ನಮ್ಮ ಪುಢಾರಿಗಳ ಕೆಂಪು ದೀಪದ ಕಾರಿಗೆ ಬಂತು, ಅಲ್ಲಿಂದ ಚುನಾವಣೆಗೆ, ಅಲ್ಲಿಂದ ಮೀಸಲಾತಿಗೆ. ಯಾರೋ ಒಬ್ಬರು, ಕ್ರೈಸ್ತರಲ್ಲಿ ಜಾತಿಯೇ ಇಲ್ಲವಲ್ಲ, ಮತ್ತೆ ಮೀಸಲಾತಿ ಯಾಕೆ ಎಂದರು. ನಾನು ಸುಮ್ಮನಿರುವ ಜಾತಿಯವಳಲ್ಲ. ನಮ್ಮ ಓಣಿಯಲ್ಲಿ ಬುದ್ಧನ ಮನೆಯ ನಮ್ಮ ದಾಯಾದಿಗಳ ಮಕ್ಕಳಿಗೆ ಪರಿಶಿಷ್ಟ ಜಾತಿಯ ಸರ್ಟಿಫಿಕೇಟು ಸಿಗುತ್ತದೆ, ಯೇಸುವಿನ ಮನೆಯ ನಮಗೆ ಸಿಗುವುದಿಲ್ಲ, ಇಬ್ಬರ ಕೈಗೂ ಹತ್ತಿದ್ದು ಒಂದೇ ಚರ್ಮದ ವಾಸನೆ ಎಂದೆ. ಜಾತಿ ಇಲ್ಲವೆನ್ನುವವರು ಮಕ್ಕಳ ಸಂಬಂಧ ನೋಡುವಾಗ ಯಾವ ಓಣಿ ಎಂದು ಯಾಕೆ ಕೇಳುತ್ತಾರೆ ಎಂದೂ ಕೇಳಿದೆ. ಫಾದರ್ ಮೆಲ್ವಿನ್, ಮಾರ್ತಕ್ಕ ಹೇಳಿದ್ದನ್ನು ಊರಿಗೆ ಹೋಗಿ ಧರ್ಮಾಧ್ಯಕ್ಷರ ಮುಂದೆಯೂ ಹೇಳಬೇಕು, ನಾನೂ ಜೊತೆಗೆ ಬರುತ್ತೇನೆ ಎಂದರು. ಆ ಹುಡುಗು ಮುಖದ ಗುರುಗಳ ಮೇಲೆ ನನಗೆ ಅವತ್ತು ಬಹಳ ಅಭಿಮಾನ ಬಂತು.

ಚೌಕ ಜನರಿಂದ ತುಂಬಿತ್ತು. ಬಾವುಟ, ಟೋಪಿ, ಹಾಡು, ಅಳುವ ಕೂಸು. ಪೋಪರ ಮಾತಿನ ಸಾರವನ್ನು ಒಂದಾದ ಮೇಲೆ ಒಂದು ಭಾಷೆಯಲ್ಲಿ ಓದಿದರು. ನಿಪ್ಪಾಣಿಯಿಂದ ಬಂದಿದ್ದ ಒಬ್ಬರು ಮರಾಠಿ ಇಲ್ಲವಲ್ಲ ಎಂದು ಬೇಸರಪಟ್ಟರು, ನಾನು ಕನ್ನಡ ಇಲ್ಲವಲ್ಲ ಎಂದು ಬೇಸರಪಟ್ಟೆ. ನಮ್ಮ ಗಡಿ ಭಾಗದ ಎರಡೂ ಕಡೆಯವರು ಒಂದೇ ಬೇಸರದಲ್ಲಿ ಕೂಡಿದ್ದು ಅಪರೂಪ, ಆದ್ದರಿಂದ ಇಬ್ಬರೂ ಒಂದೇ ಪೊಟ್ಟಣದಿಂದ ಚುರುಮುರಿ ತಿಂದೆವು.

ಇದಕ್ಕೆಲ್ಲ ಮೊದಲು ಪೋಪರು ತೆರೆದ ಜೀಪಿನಲ್ಲಿ ಬಂದಿದ್ದರು. ಎಲ್ಲರೂ ಕ್ಯಾಮರಾ ಎತ್ತಿದರು. ಬಿಳಿ ನಿಲುವಂಗಿ, ನಗುಮುಖ, ಬೀಸುವ ಕೈ. ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕಕ್ಕೆ ನೋಡಿದರೆ ಅವ್ವ ಕುರ್ಚಿಯ ಮೇಲೆ ನಿಂತು, ಬಗ್ಗಿ, ಜನರ ಬಗಲಿನ ಸಂದಿಯಿಂದ ಕೆಳಗೆ ಇಣುಕುತ್ತಿದ್ದಳು. ಜೀಪಿನ ಬದಿಯ ಹಲಗೆ ಸೊಂಟದವರೆಗೆ ಇತ್ತು. ಕಾಲು ಕಾಣಲಿಲ್ಲ. ಜೀಪು ಎರಡನೆಯ ಸಲ ಹಾದುಹೋದರೂ ಕಾಣಲಿಲ್ಲ. ಅವ್ವ ಕೆಳಗಿಳಿದು, ಇಷ್ಟು ದೂರ ಬಂದು ಮುಖ ಅಷ್ಟೇ ನೋಡಿದಂತಾಯಿತು, ಮುಖ ಕ್ಯಾಲೆಂಡರಿನಲ್ಲೂ ಇದೆ ಎಂದು ಮುನಿಸಿಕೊಂಡು ಕೂತಳು.

ಎಲ್ಲ ಮುಗಿದ ಮೇಲೆ ಫಿಲೋಮಿನಾ ಮೇಡಂ ಅವಳ ಹತ್ತಿರ ಬಂದು ಕೂತರು. ಪೋಪರು ಜೀಪಿನಿಂದ ಇಳಿದು ಮೆಟ್ಟಿಲು ಹತ್ತುವಾಗ ತಾವು ದೂರದಿಂದ ತೆಗೆದ ಚಿತ್ರವನ್ನು ಕ್ಯಾಮರಾದಲ್ಲಿ ದೊಡ್ಡದು ಮಾಡಿ ತೋರಿಸಿದರು. ಬಿಳಿ ಅಂಗಿಯ ಅಂಚಿನ ಕೆಳಗೆ ಮಸುಕಾಗಿ ಒಂದು ಕರಿ ಬೂಟು. ಗುಂಪಿನವರೆಲ್ಲ ಮುಖ ಹಿಡಿಯಲು ಹೆಣಗುತ್ತಿದ್ದಾಗ ಇವರೊಬ್ಬರು ಅವ್ವನಿಗಾಗಿ ಕಾಲು ಹಿಡಿದಿದ್ದರು. ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ. ಅವ್ವ ಕ್ಯಾಮರಾವನ್ನು ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ನೋಡಿದಳು. "ಹೌದ್ರಿ ಬಾಯಾರ, ಹಳೇವ ಅದಾವ" ಎಂದು ಮೇಡಂ ಕೈ ಹಿಡಿದುಕೊಂಡಳು. ಹೋಟೆಲು ಮುಟ್ಟುವವರೆಗೂ ಬಿಡಲಿಲ್ಲ.

ದೊಡ್ಡ ಬಾಗಿಲು

ಮರುದಿನ ದೊಡ್ಡ ಚರ್ಚು. ಚಪ್ಪಲಿ ಒಣಗಿತ್ತು, ಹೆಣಿಗೆ ಬಿಗಿಯಾಗಿತ್ತು, ಬ್ರೆಡ್ಡಿನ ಎಣ್ಣೆಗೆ ಒಳ್ಳೆ ಹೊಳಪು ಬಂದಿತ್ತು. ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಸಾಲಿನಲ್ಲಿ ನಿಂತವರು ಕೆಲವರು ಅವಳ ಕಾಲು ನೋಡಿದರು. ಒಬ್ಬ ಹೆಂಗಸು ಬೆರಳು ತೋರಿಸಿ ಗಂಡನಿಗೆ ಏನೋ ಹೇಳಿದಳು, ಹೊಗಳಿಕೆಯೇ ಇರಬೇಕು, ಮುಖದಲ್ಲಿ ಆಸೆ ಇತ್ತು. ಅವ್ವ ಅವಳಿಗೆ ಕಾಣುವಂತೆ ಸೀರೆಯ ನಿರಿಗೆ ಒಂದಿಷ್ಟು ಮೇಲೆತ್ತಿ, "ಅಥಣಿ" ಎಂದಳು. ಮತ್ತೊಮ್ಮೆ ಬಿಡಿಸಿ ಹೇಳಿದಳು. ಕೊಲ್ಲಾಪುರದ ಹೆಸರು ಬರಲು ಅವಕಾಶವನ್ನೇ ಕೊಡಲಿಲ್ಲ.

ಮೆಟ್ಟಿಲು ಹತ್ತಿ ಕಂಬಗಳ ಪಡಸಾಲೆಗೆ ಬಂದೆವು. ಎದುರಿಗೆ ಬಾಗಿಲು. ಆನೆ ಅಂಬಾರಿ ಸಮೇತ ಹೋಗುವಷ್ಟು ಎತ್ತರ. ಅವ್ವ ನಿಂತಳು. ಊರಲ್ಲಿ ಎಲ್ಲರ ಮುಂದೆ ಆಡಿದ ಮಾತನ್ನು ಅವಳು ನಡೆಸಿದ್ದಳು. ತನ್ನ ಕೈಯಾರೆ ಹೊಲಿದ ಚಪ್ಪಲಿಯ ಮೇಲೆ, ಕಡಲು ದಾಟಿ, ಮಳೆ ದಾಟಿ, ಈ ಬಾಗಿಲಿಗೆ ಬಂದಿದ್ದಳು. ಅಪ್ಪ ಇರಬೇಕಿತ್ತು ಎಂದುಕೊಂಡೆ.

ಅವ್ವ ಚಪ್ಪಲಿ ಬಿಟ್ಟು, ಒಂದು ಕಂಬದ ಬುಡಕ್ಕೆ ಜೋಡಿಯಾಗಿ ಸರಿಸಿಟ್ಟು, ತಲೆಯ ಮೇಲೆ ಸೆರಗು ಹೊದ್ದು ಒಳಗೆ ಹೊರಟಳು. ಬಾಗಿಲಲ್ಲಿ ಕರಿ ಸೂಟಿನ ಕಾವಲಿನವನೊಬ್ಬ ನಿಂತಿದ್ದ. ಹುಡುಗ ವಯಸ್ಸು, ಒರಟಾಗಿರಲಿಲ್ಲ. ಅವ್ವನ ಕಾಲು ನೋಡಿ ತೋಳು ಅಡ್ಡ ಚಾಚಿದ. ಏನೋ ಹೇಳಿದ.

ಅವ್ವ ಏನೆಂದೂ ಕೇಳಲಿಲ್ಲ. ಅಡ್ಡ ಬಂದ ತೋಳನ್ನು ನೋಡಿದವಳೇ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಯ ಮಗ್ಗುಲಿಗೆ ನಿಂತಳು. ಅದು ಎಷ್ಟು ಸಲೀಸಾಗಿ ಆಯಿತೆಂದರೆ, ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

"ನೀವು ಹೋಗಿ ಬರ್ರಿ" ಎಂದಳು. "ನಾ ಇಲ್ಲೇ ಹೊರಗ ಕುಂದರತೇನಿ."

ನಾನು ಆ ಹುಡುಗನ ಮೇಲೆ ಹರಿಹಾಯಲು ಹೊರಟೆ, ಕನ್ನಡದಲ್ಲಿಯೇ. ಫಾದರ್ ಮೆಲ್ವಿನ್ ನನ್ನನ್ನು ತಡೆದು ಅವನ ಜೊತೆ ಮಾತಾಡಿದರು. ಅವರು ಕೆಲವು ವರ್ಷ ಅಲ್ಲಿಯೇ ಓದಿದ್ದರು, ಭಾಷೆ ಬರುತ್ತಿತ್ತು. ಮಾತು ಮುಗಿಸಿ ಅವ್ವನ ಹತ್ತಿರ ಬಂದರು. ಒಳಗೆ ಹೋಗಬೇಡ ಎಂದು ಅವನು ಹೇಳಿದ್ದಲ್ಲ, ಈ ಗುಡಿಯಲ್ಲಿ ಬರಿಗಾಲಲ್ಲಿ ಬರುವಂತಿಲ್ಲ, ಚಪ್ಪಲಿ ಹಾಕಿಕೊಂಡು ಬರಬೇಕಂತೆ ಎಂದು ತಿಳಿಸಿದರು.

ಅವ್ವ ಅವರ ಮುಖವನ್ನೇ ನೋಡಿದಳು. ನಂಬಿಕೆ ಬಂದಂತೆ ಕಾಣಲಿಲ್ಲ. ಕಾವಲಿನವನನ್ನು ನೋಡಿದಳು. ಅವನು ಕಂಬದ ಬುಡದಲ್ಲಿದ್ದ ಚಪ್ಪಲಿಯ ಕಡೆ ಕೈ ತೋರಿಸಿ, ಹಾಕಿಕೊಳ್ಳಿ ಎಂದು ಸನ್ನೆ ಮಾಡಿದ. ನಮ್ಮ ಹಿಂದೆ ಸಾಲು ನಿಂತಿತ್ತು, ಯಾರೂ ಅವಸರ ಮಾಡಲಿಲ್ಲ. ಫಿಲೋಮಿನಾ ಮೇಡಂ ಕಣ್ಣೊರೆಸಿಕೊಳ್ಳುತ್ತಿದ್ದರು.

"ಸ್ವಾಮಿ, ಅವನ್ನ ಒಂದ ಮಾತ ಕೇಳ್ರಿ" ಎಂದಳು ಅವ್ವ. "ಎಲ್ಲಾರಿಗೂ ಹಿಂಗ ಹೇಳತಾನೋ, ನನಗಷ್ಟ ಹೇಳಾಕತ್ತಾನೋ?"

ಫಾದರ್ ಕೇಳಿದರು. ಇಂಥ ಪ್ರಶ್ನೆ ಯಾಕೆ ಬಂತೆಂದು ಆ ಹುಡುಗನಿಗೆ ತಿಳಿಯಲಿಲ್ಲ. ಸಾಲಿನಲ್ಲಿದ್ದವರ ಕಾಲುಗಳನ್ನು, ಕೊನೆಗೆ ತನ್ನ ಕಾಲನ್ನೂ ತೋರಿಸಿ ಉತ್ತರ ಕೊಟ್ಟ.

"ಎಲ್ಲಾರಿಗೂ ಅಂತ್ರಿ, ಅಜ್ಜಿ" ಎಂದರು ಫಾದರ್.

"ಹಂಗಾದರ ಆತು" ಎಂದಳು. ಕಂಬದ ಹತ್ತಿರ ಹೋಗಿ ಒಂದೊಂದೇ ಕಾಲನ್ನು ಚಪ್ಪಲಿಗೆ ಇಳಿಸಿ, ಸೆರಗು ಸರಿಮಾಡಿಕೊಂಡು, ನಮಗೆಲ್ಲರಿಗಿಂತ ಮುಂದೆ ಒಳಗೆ ನಡೆದಳು.